ನನ್ನ ಅಜ್ಜನ ಪತ್ರ ನಕಲಿಯಲ್ಲ

ದಾಖಲೆ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಜ್ಜ, ನಮ್ಮೂರ ಗೌಡ ದೊಡ್ಡಪ್ಪ, ಹನ್ನೊಂದು ಜನರನ್ನು ಕೊಲ್ಲಿಸಿದ. ಹಾಗೆಂದು ಅವನೇ ಬರೆದ ಪತ್ರವನ್ನು ನಾನು ನಿಮ್ಮ ಮುಂದೆ ತಂದಿಟ್ಟೆ. ಹದಿನಾಲ್ಕು ತಿಂಗಳು ಅದನ್ನು ನಿಮ್ಮಲ್ಲಿಟ್ಟುಕೊಂಡು, ಕಳೆದ ವಾರ ಅರ್ಧ ಪುಟದ ಆದೇಶದಲ್ಲಿ ‘ಪತ್ರದ ಅಧಿಕೃತತೆ ದೃಢಪಟ್ಟಿಲ್ಲ, ಕಡತವನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ತಿಳಿಸಿದ್ದೀರಿ. ನಮ್ಮ ಮನೆತನದ ಮಾನ ಕಾಪಾಡಿದ್ದಕ್ಕೆ ನಾನು ನಿಮಗೆ ಕೃತಜ್ಞಳಾಗಿರಬೇಕಿತ್ತು. ಆಗಲಾರೆ. ತನ್ನ ಅಜ್ಜ ಕೊಲೆಗಾರನೆಂದು ನಂಬಿರೆಂದು ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತು ಬೇಡಿಕೊಂಡ ಮೊಮ್ಮಗಳನ್ನು ನೀವು ಇದುವರೆಗೆ ಕಂಡಿರಲಾರಿರಿ. ಅದಕ್ಕೇ ಇರಬೇಕು, ವಿಚಾರಣೆಯ ದಿನ ನಿಮ್ಮ ಸದಸ್ಯರೊಬ್ಬರು ನನ್ನ ಆರೋಗ್ಯ ವಿಚಾರಿಸಿದರು.

ಆದೇಶದಲ್ಲಿ ನೀವು ಬರೆಯದೆ ಬಿಟ್ಟದ್ದನ್ನು ಮೊದಲು ಹೇಳುತ್ತೇನೆ. ನಮ್ಮದು ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಊರು. ೧೯೪೮ರ ಬೇಸಿಗೆಯಲ್ಲಿ ನಿಜಾಮರ ಪರದ ಬಂದೂಕುಧಾರಿ ರಜಾಕಾರರು ಊರಿಗೆ ನುಗ್ಗಿ ನನ್ನ ಚಿಕ್ಕಜ್ಜನನ್ನು ಊರ ಅಗಸಿ ಬಾಗಿಲ ಮುಂದೆ ಗುಂಡಿಕ್ಕಿ ಕೊಂದರು. ಇದನ್ನು ನಾನು ಮುಚ್ಚಿಡುವುದಿಲ್ಲ, ಅದೂ ಕೊಲೆಯೇ. ಅಂದು ನನ್ನ ಅಜ್ಜಿಯನ್ನೂ ಹತ್ತು ವರ್ಷದ ಸೋದರತ್ತೆ ಗುರುಬಾಯಿಯನ್ನೂ ಉಳಿಸಿದವನು ಹತ್ತಿ ಹಿಂಜುವ ಖಲೀಲ. ತನ್ನ ಮನೆಯ ಅರಳೆಯ ರಾಶಿಯಲ್ಲಿ ಅವರಿಬ್ಬರನ್ನು ಹುದುಗಿಸಿಟ್ಟು, ಬಾಗಿಲಲ್ಲಿ ನಿಂತು, ಒಳಗೆ ತನ್ನ ಹೆಂಡತಿ ಮಗಳ ಹೊರತು ಯಾರೂ ಇಲ್ಲವೆಂದು ಸುಳ್ಳು ಆಣೆ ಮಾಡಿದ. "ಅರಳಿಯೊಳಗ ಉಸಿರು ಕಟ್ಟಿತ್ತವಾ. ಹೊರಗ ಖಲೀಲ ಕಾಕಾ ಅವರ ಜೋಡಿ ನಕ್ಕೋತ ಮಾತಾಡಾಕತ್ತಿದ್ದ. ನಗದಿದ್ರ ಅವರಿಗೆ ಸಂಶಯ ಬರ್ತಿತ್ತು," ಎಂದು ಎಂಬತ್ತೇಳರ ಗುರುಬಾಯತ್ತೆ ಇಂದಿಗೂ ಹೇಳುತ್ತಾರೆ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಹೋಯಿತು. ಆಮೇಲಿನ ದಿನಗಳಲ್ಲಿ ನನ್ನ ಅಜ್ಜ ಊರಿನ ಮುಸ್ಲಿಂ ಗಂಡಸರಿಗೆ, ನಿಮ್ಮ ರಕ್ಷಣೆಯ ಮಾತಾಡಬೇಕು, ನಮ್ಮ ಹೊಲದ ಬಾವಿಯ ಹತ್ತಿರ ಬರ್ರಿ ಎಂದು ಹೇಳಿಕಳಿಸಿದ. ಹನ್ನೊಂದು ಜನ ಹೋದರು. ಒಬ್ಬರೂ ಮರಳಲಿಲ್ಲ. ಬಾವಿಗೆ ಮಣ್ಣು ಬಿತ್ತು. ಅವರೆಲ್ಲ ಪಾಕಿಸ್ತಾನಕ್ಕೆ ಓಡಿಹೋದರು ಎಂದು ಊರು ಹೇಳಿತು. ಸತ್ತವರಲ್ಲಿ ರಜಾಕಾರನೊಬ್ಬನೂ ಇರಲಿಲ್ಲ. ರಜಾಕಾರರು ಸೈನ್ಯ ಬರುವ ಮೊದಲೇ ಪರಾರಿಯಾಗಿದ್ದರು. ಓಡಿಹೋಗಲು ಕಾರಣವಿಲ್ಲದವರು ಮಾತ್ರ ಊರಲ್ಲಿ ಉಳಿದಿದ್ದರು.

ಈಗ ನಿಮ್ಮನ್ನು ಇಷ್ಟು ಕಾಡಿದ ಆ ಪತ್ರ. ಅಜ್ಜ ಅದನ್ನು ಆಳಂದದಲ್ಲಿದ್ದ ತನ್ನ ಹೆಂಡತಿಯ ಅಣ್ಣನಿಗೆ ಬರೆದದ್ದು. ಮುಂದೆ ಗುರುಬಾಯತ್ತೆ ಅದೇ ಮನೆಗೆ ಸೊಸೆಯಾಗಿ ಹೋದರು. ಗಂಡ ತೀರಿಕೊಂಡ ಮೇಲೆ ಹಳೆಯ ಪಂಚಾಂಗವೊಂದರ ನಡುವೆ ಅದು ಅವರ ಕೈಗೆ ಸಿಕ್ಕಿತು. ಮೂವತ್ತು ವರ್ಷ ಯಾರಿಗೂ ತೋರಿಸಲಿಲ್ಲ. ಪತ್ರದಲ್ಲಿರುವುದು ಇಷ್ಟು: "ಭಾವನವರಿಗೆ ಶರಣು. ಕೆಲಸ ಮುಗೀತು. ಹನ್ನೊಂದು ಮಂದಿ. ಬಾವಿ ಮುಚ್ಚಿಸೇನಿ. ಹೊಳಿ ತುಂಬೇದ, ಆ ಕಡೆಯಿಂದ ಯಾರೂ ಬರಂಗಿಲ್ಲ. ಖಲೀಲನೂ ಬಂದಿದ್ದ. ಅವನನ್ನ ಕರೀಬಾರದಿತ್ತು. ಗೌಡ್ರು ಕರದಾರಂದ್ರ ಅಂಜಿಕಿಲ್ಲ ಅಂತ ಉಳದವರಿಗೂ ಧೈರ್ಯ ಹೇಳಿ ತಾನ ಮುಂದಾಗಿ ಕರಕೊಂಡು ಬಂದ. ಮೂರು ದಿನಾತು, ನನಗ ಊಟ ಸೇರವಲ್ದು. ಓದಿ ಹರದುಬಿಡ್ರಿ." ಕೆಳಗೆ ‘ದೊ’ ಎಂಬ ಒಂದೇ ಅಕ್ಷರ. ಮೇಲೆ ನಿಜಾಮರ ರಾಜ್ಯದ ಕಾಲಗಣನೆಯಂತೆ ಫಸಲಿ ೧೩೫೭, ಆಬಾನ್ ತಿಂಗಳು. ಅಂದರೆ ೧೯೪೮ರ ಸೆಪ್ಟೆಂಬರ್.

ಇದಕ್ಕೆ ನಿಮ್ಮ ತಜ್ಞರು ಎತ್ತಿದ ಆಕ್ಷೇಪಗಳನ್ನು ನಾನು ಭಕ್ತಿಯಿಂದ ಓದಿದ್ದೇನೆ. ನಿಜಾಮರ ಆಳ್ವಿಕೆ ಮುಗಿದ ಮೇಲೂ ಫಸಲಿ ತಾರೀಖು ಬಳಸಿರುವುದು ಸಂಶಯಾಸ್ಪದವಂತೆ! ಸ್ವಾಮಿ, ರಾಜ್ಯ ಹೋದ ಹತ್ತು ದಿನಕ್ಕೆ ಹಳ್ಳಿಯ ಗೌಡನ ಕೈಯೂ ಪಂಚಾಂಗ ಬದಲಿಸಬೇಕಿತ್ತೇ? ಪೂರ್ಣ ಸಹಿ ಇಲ್ಲವಂತೆ. ಹನ್ನೊಂದು ಜನರನ್ನು ಬಾವಿಗೆ ಹಾಕಿದವನು ತಂದೆಯ ಹೆಸರು, ಸರ್ವೆ ನಂಬರು ಸಹಿತ ರುಜು ಹಾಕಬೇಕೆಂದು ಯಾವ ನಿಯಮಾವಳಿಯಲ್ಲಿದೆ? ಹರಿದುಬಿಡಿ ಎಂದು ಬರೆದ ಪತ್ರ ಉಳಿದದ್ದು ಅಸಹಜವಂತೆ. ಒಪ್ಪುತ್ತೇನೆ. ಜೋಪಾನವಾಗಿಡಿ ಎಂದು ಕೊಟ್ಟದ್ದು ಕಳೆದುಹೋಗುವುದೇ ಸಹಜವಾಗಿರುವ ಕಚೇರಿಯಲ್ಲಿ ಕುಳಿತವರಿಗೆ ಅದು ಅಸಹಜವಾಗಿಯೇ ಕಾಣಬೇಕು. ಆದರೆ ನಕಲಿ ಪತ್ರ ಬರೆಯುವವನು ‘ಅವನನ್ನ ಕರೀಬಾರದಿತ್ತು’ ಎಂದು ಯಾಕೆ ಬರೆಯುತ್ತಾನೆ ಎಂಬ ಒಂದು ಪ್ರಶ್ನೆಯನ್ನು ನಿಮ್ಮ ತಜ್ಞರಲ್ಲಿ ಒಬ್ಬರೂ ಕೇಳಲಿಲ್ಲ.

ಅಕ್ಷರದ ಮಾತಿಗೆ ಬರುತ್ತೇನೆ. ಇದು ದೊಡ್ಡಪ್ಪನವರ ಅಕ್ಷರವಲ್ಲ ಎಂದು ನಿಮ್ಮ ಮುಂದೆ ಹೇಳಿಕೆ ಕೊಟ್ಟವನು ನನ್ನ ಅಣ್ಣ ಕಲ್ಲಿನಾಥ. ನಮ್ಮಿಬ್ಬರಿಗೂ ಪಾಟಿಯ ಮೇಲೆ ಅಕ್ಷರ ತಿದ್ದಿಸಿದವನು ಅದೇ ಅಜ್ಜ. ವಿಚಾರಣೆಗೆ ನಾಲ್ಕು ದಿನ ಮೊದಲು ನಾನು ಅಫಜಲಪುರಕ್ಕೆ ಹೋಗಿ ಅಣ್ಣನ ಮುಂದೆ ಪತ್ರದ ಪ್ರತಿ ಇಟ್ಟಿದ್ದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಬಸವೇಶ್ವರಿ, ಸತ್ತವರು ಸತ್ತು ಹೋದ್ರು. ಇದ್ದವರ ಹೆಸರು ಯಾಕ ಕೆಡಸ್ತಿ?" ಅಂದ.

"ಅಣ್ಣ, ಅಕ್ಷರ ಅಜ್ಜಂದು ಹೌದೋ ಅಲ್ಲೋ, ಅದಷ್ಟ ಹೇಳು."

ಕನ್ನಡಕ ತೆಗೆದಿಟ್ಟು, "ಅಜ್ಜಂದ ಅದ. ಆದ್ರ ಅಲ್ಲಿ ನಾ ಹಂಗ ಹೇಳಂಗಿಲ್ಲ," ಎಂದ. ಅತ್ತಿಗೆ ತಂದಿಟ್ಟ ಚಹಾ ನಾವಿಬ್ಬರೂ ಕುಡಿಯಲಿಲ್ಲ. ಹೇಳದಿರಲು ಅವನಿಗೊಂದು ಕಾರಣವಿತ್ತು. ಮುಚ್ಚಿದ ಬಾವಿಯಿದ್ದ ಜಾಗವನ್ನು ಅವನು ಊರಿಗೆ ದಾನ ಕೊಟ್ಟಿದ್ದಾನೆ. ಅಲ್ಲಿ ಅಜ್ಜನ ಹೆಸರಿನಲ್ಲಿ ಸಮುದಾಯ ಭವನ ಏಳಲಿದೆ. ಅಣ್ಣನ ಮಾತನ್ನು ನೀವು ‘ಕುಟುಂಬದ ಹಿರಿಯ ಸದಸ್ಯರ ಸ್ಪಷ್ಟ ಹೇಳಿಕೆ’ ಎಂದು ದಾಖಲಿಸಿದಿರಿ. ಅದೇ ದಿನ, ಅದೇ ಕೋಣೆಯಲ್ಲಿ, "ಇದು ನಮ್ಮಪ್ಪನ ಅಕ್ಷರ ಅದರಿ. ತಂದಿ ಮ್ಯಾಲೆ ಮಗಳು ಇಂಥ ಸುಳ್ಳು ಹೇಳ್ತಾಳೇನ್ರಿ?" ಎಂದ ಗುರುಬಾಯತ್ತೆಯ ಮಾತನ್ನು ‘ವಯೋಸಹಜ ಮರೆವಿನಿಂದ ಪರಿಗಣನಾರ್ಹವಲ್ಲ’ ಎಂದಿರಿ. ಎಪ್ಪತ್ತರ ಮುದುಕ ಅಲ್ಲ ಅಂದರೆ ಸಾಕ್ಷ್ಯ, ಎಂಬತ್ತೇಳರ ಮುದುಕಿ ಹೌದು ಅಂದರೆ ಮರೆವು. ಮರೆವಿಗೂ ನಿಮ್ಮಲ್ಲಿ ಪಕ್ಷಪಾತವಿದೆ, ಅಧ್ಯಕ್ಷರೇ.

ಇಷ್ಟಕ್ಕೂ ಇದೆಲ್ಲ ಯಾರಿಗಾಗಿ? ಖಲೀಲನ ಮಗಳು ಮೆಹರಾಜಬೇಗಂ ಬದುಕಿದ್ದಾರೆ. ಅಪ್ಪ ಹೋದಾಗ ಏಳು ವರ್ಷ, ಈಗ ಎಂಬತ್ತನಾಲ್ಕು. ಆಳಂದದಲ್ಲಿ, ಗುರುಬಾಯತ್ತೆಯ ಮನೆಯಿಂದ ಎರಡು ಓಣಿ ಆಚೆ, ಹಳೆ ಬಟ್ಟೆಯ ಕೌದಿ ಹೊಲಿದುಕೊಂಡು ಬಾಳಿದವರು. ಪತ್ರ ಸಿಕ್ಕ ಮೇಲೆ ಮೂವತ್ತು ವರ್ಷ, ಸಂತೆಯಲ್ಲಿ ಅವರು ಎದುರಾದಾಗಲೆಲ್ಲ ಗುರುಬಾಯತ್ತೆ ಸೆರಗು ಮುಂದೆಳೆದುಕೊಂಡು ದಾರಿ ಬದಲಿಸಿದ್ದಾರೆ. ಎರಡು ವರ್ಷದ ಹಿಂದೆ ನನ್ನನ್ನು ಜೇವರ್ಗಿಯಿಂದ ಕರೆಸಿಕೊಂಡು, "ನಡಿಯವಾ, ಇನ್ನ ನನ್ನ ಕೈಲೆ ಆಗಂಗಿಲ್ಲ," ಎಂದು ಆ ಮನೆಗೆ ಹೊರಟರು. ಹೊಸ್ತಿಲ ಮುಂದೆ ಬಂದು ನಿಂತುಬಿಟ್ಟರು. ಮೆಹರಾಜಬೇಗಂ ಎದ್ದು ಬಂದು ಅವರ ಕೈ ಹಿಡಿದು ಒಳಗೆ ಕೂರಿಸಿದರು. ನಾನು ಪತ್ರ ಓದಿದೆ. ಖಲೀಲನ ಹೆಸರಿದ್ದ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡರು. ಆಮೇಲೆ ಅಂದದ್ದು ಒಂದೇ ಮಾತು: "ಅಂದ್ರ ಅಬ್ಬಾ ನಮ್ಮನ್ನ ಬಿಟ್ಟು ಹೋಗಿಲ್ರಿ."

ಈ ಮಾತು ನಿಮಗೆ ತಿಳಿಯಲು ಒಂದು ಸಂಗತಿ ಹೇಳಬೇಕು. ಖಲೀಲ ಹೆಂಡತಿ ಮಗಳನ್ನು ಹಸಿವಿಗೆ ಬಿಟ್ಟು ಪಾಕಿಸ್ತಾನಕ್ಕೆ ಓಡಿದ ಎಂದು ಊರು ಹೇಳಿದ್ದನ್ನು ಅವನ ಹೆಂಡತಿ ನಂಬಿದಳು. ಅಲ್ಲಿ ಅವನಿಗೆ ಬೇರೆ ಸಂಸಾರವಿದೆ ಎಂದೂ ಯಾರೋ ಹೇಳಿದರು, ಅದನ್ನೂ ನಂಬಿದಳು. ಸಾಯುವ ತನಕ ಗಂಡನನ್ನು ಶಪಿಸಿ ಶಪಿಸಿ ಸತ್ತಳು. "ಅಮ್ಮಾಗ ಈ ಮಾತು ಹೇಳಾಕ ಆಗಲಿಲ್ಲಲ್ರಿ," ಎಂದು ಮೆಹರಾಜಬೇಗಂ ಆ ದಿನ ಅತ್ತರು. ಗುರುಬಾಯತ್ತೆ ಅವರ ಕಾಲು ಹಿಡಿಯಲು ಬಾಗಿದಾಗ, "ಬ್ಯಾಡ್ರಿ ಅಕ್ಕಾ, ನೀವೂ ಆವಾಗ ಸಣ್ಣಾಕಿನ ಇದ್ರಿ," ಎಂದು ತಡೆದರು. ಅವರಿಗೆ ಬೇಕಿದ್ದದ್ದು ಪರಿಹಾರವಲ್ಲ, ಶಿಕ್ಷೆಯಲ್ಲ. ಶಿಕ್ಷೆ ಕೊಡಲು ಯಾರೂ ಉಳಿದಿಲ್ಲ. ಆ ಜಾಗ ಅಗೆಯಿಸಿ, ಸಿಕ್ಕದ್ದನ್ನು ಅವರ ಧರ್ಮದಂತೆ ಮಣ್ಣು ಮಾಡಲು ಕೇಳಿದರು, ಅಷ್ಟೇ. ಅದಕ್ಕೆ ವಿಚಾರಣೆಯ ದಿನ ನಿಮ್ಮ ಸದಸ್ಯರು ಕೇಳಿದ ಪ್ರಶ್ನೆ: "ನಿಮ್ಮ ತಂದೆ ಸತ್ತದ್ದಕ್ಕೆ ದಾಖಲೆ ಏನಿದೆ?"

"ಸಾಹೇಬ್ರ, ಅವ್ರು ವಾಪಸ್ ಬರಲಿಲ್ರಿ," ಎಂದರು ಮೆಹರಾಜಬೇಗಂ. "ಅದು ಬಿಟ್ರ ನನ್ನ ಹತ್ರ ಏನೂ ಇಲ್ರಿ."

ಆ ಉತ್ತರ ನಡಾವಳಿಯಲ್ಲಿಲ್ಲ. ನಾನು ಹುಡುಕಿದೆ. ಪತ್ರ ಸುಳ್ಳೆಂದೂ ನೀವು ಹೇಳಿಲ್ಲ, ನಿಜವೆಂದೂ ಹೇಳಿಲ್ಲ. ಅಂಥ ಜಾಣತನದ ನಡುವೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದಾನೆ. ಪತ್ರ ದೃಢಪಡದಿದ್ದರೆ ಬಾವಿಯಲ್ಲಿ ಯಾರೂ ಇಲ್ಲ. ಬಾವಿಯಲ್ಲಿ ಯಾರೂ ಇಲ್ಲದಿದ್ದರೆ ಖಲೀಲ ಎಲ್ಲಿ ಹೋದ? ಊರು ಎಪ್ಪತ್ತೇಳು ವರ್ಷದಿಂದ ಹೇಳುತ್ತಿರುವ ಕಡೆಗೇ. ನಿಮ್ಮ ಅರ್ಧ ಪುಟದ ಆದೇಶ ಅವನನ್ನು ಇನ್ನೊಮ್ಮೆ ಓಡಿಸಿದೆ. ಆದೇಶವನ್ನು ಓದಿ ಹೇಳಿದ ದಿನದಿಂದ ಮೆಹರಾಜಬೇಗಂ ಹಾಸಿಗೆ ಹಿಡಿದಿದ್ದಾರೆ. ಅನ್ನ ಬೇಡ ಎನ್ನುತ್ತಾರೆ. ಗುರುಬಾಯತ್ತೆ ದಿನಾ ಹೋಗಿ ಗಂಜಿ ಕುಡಿಸಿ ಬರುತ್ತಾರೆ. ಅವರಿಬ್ಬರೂ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ.

ಮೇಲ್ಮನವಿಗೆ ಅವಕಾಶವಿದೆ ಎಂದು ಆದೇಶದ ಕೊನೆಯಲ್ಲಿ ಬರೆದಿದ್ದೀರಿ. ಮೇಲ್ಮನವಿ ಸಲ್ಲಿಸಬೇಕಾದದ್ದೂ ನಿಮಗೇ ಎಂಬುದನ್ನು ವಿಚಾರಿಸಿ ತಿಳಿದುಕೊಂಡೆ. ಹಾಗಾಗಿ ನ್ಯಾಯ ಕೇಳುವುದಿಲ್ಲ. ಸಣ್ಣದೊಂದು ಬೇಡಿಕೆ ಇದೆ. ಬರುವ ತಿಂಗಳು ಭವನದ ಪಾಯ ತೋಡುತ್ತಾರೆ. ಆ ಜಾಗದಲ್ಲಿ ಯಂತ್ರ ಇಳಿಸಬೇಡಿರೆಂದು ಬರೆದು ಕೊಡಿ. ಗುದ್ದಲಿ, ಸಲಿಕೆಯಿಂದ ಅಗೆಯಲಿ, ನಿಧಾನವಾಗಿ. ಏನಾದರೂ ಕೈಗೆ ತಗುಲಿದರೆ ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬದೆ ಬದಿಗೆ ಇಟ್ಟು, ಮೇಲೊಂದು ಬಿಳಿ ಬಟ್ಟೆ ಹೊದಿಸಲಿ. ಬಟ್ಟೆ ನಾನು ತರುತ್ತೇನೆ. ಇದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬರುವುದೆಂದು ನನಗೆ ಗೊತ್ತು, ಅದು ಬರುವ ಹೊತ್ತಿಗೆ ಕಾಂಕ್ರೀಟು ಹಾಕಿ ಆಗಿರುತ್ತದೆಂದೂ ಗೊತ್ತು. ಆದರೂ ಪಾಯ ತೋಡುವ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಅಲ್ಲಿ ನಿಂತಿರುತ್ತೇನೆ.

ಇಂತಿ,
ನೀವು ನಿರಪರಾಧಿಯೆಂದು ಬಿಡುಗಡೆ ಮಾಡಿದವನ ಮೊಮ್ಮಗಳು,
ಬಸವೇಶ್ವರಿ
ನಿವೃತ್ತ ಕನ್ನಡ ಶಿಕ್ಷಕಿ, ಜೇವರ್ಗಿ