ಮುಟ್ಟದೆ ಕಲಿಸಿದ ಕಂಪ್ಯೂಟರ್

ಶಾಲಾ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಹೈಸ್ಕೂಲಿನ ಕಂಪ್ಯೂಟರುಗಳು ಸುಖವಾಗಿವೆ. ಮಕ್ಕಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ‘ಯಂತ್ರಗಳಿಗೆ ಧಕ್ಕೆಯಾದಲ್ಲಿ ಸಂಬಂಧಪಟ್ಟ ಶಿಕ್ಷಕರೇ ಹೊಣೆ’ ಎಂದು ತಾವು ಸುತ್ತೋಲೆ ಕಳಿಸಿದಂದಿನಿಂದ ಒಂದು ಮಗುವೂ ಅವುಗಳ ಮೇಲೆ ಬೆರಳಿಟ್ಟಿಲ್ಲ. ಆದರೂ ಎಲ್ಲರಿಗೂ ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರ ಕೊಟ್ಟಿದ್ದೇವೆ. ಇದೇ ನನ್ನ ದೂರು.

ಎರಡು ಸಾವಿರದ ಎರಡರಲ್ಲಿ ಅವು ಬಂದಾಗ ಊರಿಗೆ ಊರೇ ಸಂಭ್ರಮಿಸಿತು. ಸೋರದ ಕೊಠಡಿ ಇದ್ದದ್ದು ಒಂದೇ. ಅದನ್ನು ಅವಕ್ಕೆ ಬಿಟ್ಟುಕೊಟ್ಟು ಒಂಬತ್ತನೇ ತರಗತಿಯವರು ಜಗಲಿಗೆ ಬಂದರು. ಆಯುಧಪೂಜೆಯ ದಿನ ಹೆಡ್‌ಮಾಸ್ಟರ್ ಪುಟ್ಟಬಸವಯ್ಯನವರು ಪ್ರತಿ ಮಾನಿಟರಿಗೂ ವಿಭೂತಿ ಬಳಿದು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿದರು. ಮಕ್ಕಳು ಚಪ್ಪಲಿ ಕಳಚಿ ಒಳಬಂದು, ಕೈಮುಗಿದು, ಸಾಲಾಗಿ ಹೊರಹೋದರು. ಅವರ ಪ್ರಾಯೋಗಿಕ ತರಗತಿ ಅಲ್ಲಿಗೆ ಮುಗಿಯಿತು. ಮಿಕ್ಕ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೀಬೋರ್ಡ್ ಬರೆದು ಮಾಡಿದೆ. ಮಕ್ಕಳು ಮಗ್ಗಿ ಹೇಳಿದ ಹಾಗೆ ‘ಕ್ಯು ಡಬ್ಲ್ಯು ಇ ಆರ್’ ಒಪ್ಪಿಸಿದರು. ತಾವು ತಪಾಸಣೆಗೆ ಬಂದು, ಅದನ್ನು ಕೇಳಿ ಮೆಚ್ಚಿ, ಫೋಟೊ ತೆಗೆಸಿಕೊಂಡು ಹೋದಿರಿ.

ಹಾಗೆ ಒಪ್ಪಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ರೋಜಾ, ಕೂಲಿ ಮಾಡುವ ಮಾದಮ್ಮನವರ ಮಗಳು. ಹತ್ತನೇ ತರಗತಿ ಪಾಸಾದ ಮೇಲೆ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸರಕಿನ ವಿವರ ಟೈಪ್ ಮಾಡುವ ಕೆಲಸ ಇದೆಯೆಂದು ಕೇಳಿ, ತಾಯಿಯ ಜೊತೆ ನಂಜನಗೂಡಿನ ಬಸ್ಸು ಹತ್ತಿದಳು. ಪ್ರಮಾಣಪತ್ರ ನೋಡಿದ ಮ್ಯಾನೇಜರು ಹೆಸರು ಟೈಪ್ ಮಾಡಲು ಹೇಳಿದರಂತೆ. ಹುಡುಗಿ ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಯಂತ್ರಕ್ಕೆ ಕೈಮುಗಿದು, ಕೈಗಳನ್ನು ಮಡಿಲಲ್ಲಿಟ್ಟು ಕುಳಿತಳು. ಮತ್ತೆ ಹೇಳಿದರೂ ಕೈ ಎತ್ತಲಿಲ್ಲ. ಅಲ್ಲಿದ್ದವರು ನಕ್ಕರಂತೆ. ಕೆಲಸ ಬೇರೆಯವರ ಪಾಲಾಯಿತು.

“ಯಾವ ಅಕ್ಸರ ಎಲ್ಲದೆ ಅಂತ ಗೊತ್ತಿತ್ತು ಸಾ. ಕೈಯೇ ಮುಂದುಕ್ಕೆ ಓಗ್ನಿಲ್ಲ,” ಎಂದಳು ನನ್ನ ಮುಂದೆ.

ಜೊತೆಗೆ ಬಂದಿದ್ದ ಮಾದಮ್ಮನವರು ಕೇಳಿದರು: “ಗುಡಿ ಬಾಗ್ಲಲ್ಲಿ ಮುಟ್ಬ್ಯಾಡಿ ಅಂತ ನಮ್ಮುನ್ನ ನಿಲ್ಸೋರು, ನಿಂತ್ಕತಿದ್ದೊ. ನನ್ ಮಗ್ಳು ಇಸ್ಕೂಲ್ನಲ್ಲಿ ಕಲ್ತಿದ್ದೂ ಅದ್ನೇಯಾ ಸಾ?”

ಈ ಪ್ರಶ್ನೆಯನ್ನು ತಮಗೇ ಕಳಿಸುತ್ತಿದ್ದೇನೆ. ಉತ್ತರವನ್ನು ದಯವಿಟ್ಟು ಬರೆದು ತಿಳಿಸಿ.

ಮಾನ್ಯರೇ, ಕಪಿಲೆಯ ದಂಡೆಯ ಮೇಲೆ ಕೂರಿಸಿ ಈಜು ಕಲಿಸಿದವರುಂಟೇ? ಸ್ಲೇಟು ಒಡೆಯದೆ ಅಕ್ಷರ ಕಲಿತವರನ್ನು ನಾನಂತೂ ಕಂಡಿಲ್ಲ. ಸ್ಲೇಟಿಗೆ ಹೊಣೆ ಯಾರೆಂದು ಆಗ ಯಾರೂ ಸುತ್ತೋಲೆ ಹೊರಡಿಸಲಿಲ್ಲ. ಯಂತ್ರ ಕೆಟ್ಟರೆ ರಿಪೇರಿಯವನು ಬರುತ್ತಾನೆ. ಹದಿನಾರರ ಹುಡುಗಿಯ ಕೈ ಹೀಗೆ ಹಿಂಜರಿದರೆ ಅದನ್ನು ಯಾರು ಸರಿಮಾಡಬೇಕು?

ಆದ್ದರಿಂದ ಹಳೆಯ ಸುತ್ತೋಲೆ ಹಿಂಪಡೆದು ಹೊಸದು ಕಳಿಸಿ: ‘ಮಕ್ಕಳು ಮುಟ್ಟತಕ್ಕದ್ದು. ಕೆಟ್ಟರೆ ಇಲಾಖೆಯೇ ಸರಿಪಡಿಸತಕ್ಕದ್ದು.’ ಸೋಮವಾರ ರೋಜಾಳನ್ನೂ ಮಾದಮ್ಮನವರನ್ನೂ ಶಾಲೆಗೆ ಕರೆದಿದ್ದೇನೆ. ಮೊದಲು ತಾಯಿ ಮುಟ್ಟುತ್ತಾರೆ, ಆಮೇಲೆ ಮಗಳು. ಅಷ್ಟರೊಳಗೆ ತಮ್ಮ ಆದೇಶ ಬಂದರೆ ಸಂತೋಷ. ಬರದಿದ್ದರೆ, ಯಂತ್ರಗಳಿಗೆ ಧಕ್ಕೆಯಾಯಿತೆಂದು ಈಗಲೇ ದಾಖಲಿಸಿಕೊಳ್ಳಬಹುದು.

ಇಂತಿ,
ಸೋಮವಾರದವರೆಗೆ ಮಾತ್ರ ತಮ್ಮ ವಿಧೇಯ,
ಗಣಿತದ ಮೇಷ್ಟ್ರು,
ತಿ. ನರಸೀಪುರ ತಾಲ್ಲೂಕು