ಬಾಣಕ್ಕೆ ಎದುರಾಗಿ ಬಂದ ವ್ಯಾನು

ಜೂನ್ ೩, ಬೆಳಿಗ್ಗೆ

ಪಾರ್ಕಿಂಗಿನ ಎರಡನೇ ಸಾಲಿನ ಗೆರೆ ಬಳಿದು ಮುಗಿಯಿತು. ಇನ್ನು ಬಾಣಗಳು. ಪೇಂಟ್ ಗಟ್ಟಿಯಾಗಿದೆ, ಮೇಸ್ತ್ರಿ ಥಿನ್ನರ್ ತರಲು ಹೋಗಿದ್ದಾರೆ. ಅಂಗಡಿಗಳ ಪಾರ್ಕಿಂಗ್, ಗಾಡಿಗಳು ಬರುತ್ತಲೇ ಇರುತ್ತವೆ. ನಿನ್ನೆ ಒಂದು ಬಾಣ ಬರೆದೆ — ಅಷ್ಟು ದೊಡ್ಡ ಲಾರಿ ಅದನ್ನು ನೋಡಿ ತಿರುಗಿಕೊಂಡಿತು. ಬೆರಗಾಗಿ ನಿಂತೆ. ನಾನು ಬಾಯಿ ತೆರೆದು ಹೇಳಿದ್ದರೆ ಸೈಕಲ್ ಕೂಡ ತಿರುಗುತ್ತಿರಲಿಲ್ಲ.

ಅದೇ ದಿನ, ಸಂಜೆ

ಅಣ್ಣ ಓಡಿಸುವ ಬೇಕರಿಯ ಬ್ರೆಡ್ ವ್ಯಾನು, ಒಬ್ಬ ಟೀಚರಮ್ಮನ ಕಾರು... ಅವರು ರಿವರ್ಸ್ ತೆಗೆಯುತ್ತಿದ್ದರು, ಅಣ್ಣ ಸಾಲುಗಳ ನಡುವಿನ ದಾರಿಯಲ್ಲಿ ಬರುತ್ತಿದ್ದ. ಢಬ್. ಕಾರಿನ ಹಿಂದಿನ ದೀಪ ಒಡೆಯಿತು, ವ್ಯಾನಿನ ಬಾಗಿಲು ನೆಗ್ಗಿತು. ಬೇರೆಯವರ ಹಾರ್ನ್ ತಾಳಲಾರದೆ ಇಬ್ಬರೂ ಗಾಡಿ ಪಕ್ಕಕ್ಕೆ ಹಾಕಿದರು. ಆಮೇಲೆ ಸೇರಿದವರದೆಲ್ಲ ಒಂದೇ ಮಾತು — ದಾರಿಯಲ್ಲಿ ಬರುವವರಿಗೆ ಮೊದಲು ಬಿಡಬೇಕು, ರಿವರ್ಸ್ ತೆಗೆದವರದೇ ತಪ್ಪು. ವಾಚ್‌ಮನ್ ಕೂಡ. "ಬೆನ್ನಿಗೂ ಎರಡು ಕಣ್ಣು ಬೇಕು ಮೇಡಂ" ಎಂದ. ಟೀಚರಮ್ಮ ತಲೆ ತಗ್ಗಿಸಿದರು.

ನನಗೆ ಮಾತ್ರ ಕಂಡಿತು. ಹೊರಹೋಗುವ ಗೇಟಿನ ಹತ್ತಿರ ನನ್ನ ಹಸಿ ಬಾಣ. ಅಲ್ಲಿಂದ ಶುರುವಾಗಿ ನೆಲದ ಮೇಲೆ ಚಕ್ರದ ಬಿಳಿ ಅಚ್ಚು, ಒಂದಕ್ಕಿಂತ ಒಂದು ಮಸುಕಾಗುತ್ತ, ಗುದ್ದಿದ ಜಾಗದವರೆಗೆ. ಅಣ್ಣ ಬಾಣಕ್ಕೆ ಎದುರಾಗಿ ಬಂದಿದ್ದ. ಇನ್ನೊಂದು ತಪ್ಪಾದರೆ ಕೆಲಸ ಇಲ್ಲ ಎಂದು ಬೇಕರಿ ಓನರ್ ಮೊದಲೇ ಹೇಳಿದ್ದಾರೆ. ಪೇಂಟ್ ಡಬ್ಬದ ಕೆಳಗಿನ ಗೋಣಿತಾಟು ಎಳೆದು, ಎದ್ದು ಕಾಣುವ ಅಚ್ಚಿನ ಮೇಲೆ ಹಾಸಿ ಅದರ ಮೇಲೆ ನಿಂತುಬಿಟ್ಟೆ.

ಅಣ್ಣ ನನ್ನನ್ನು ನೋಡಿದ. ಗೋಣಿಯನ್ನು ನೋಡಿದ.

"ಪುಟ್ಟಿ, ಈಚೆ ಬಾ."

ನಾನು ಕದಲಲಿಲ್ಲ. ಅವನೇ ಬಂದು ಗೋಣಿ ಎತ್ತಿದ.

"ನೋಡಿ ಮೇಡಂ, ನಾನು ಉಲ್ಟಾ ಬಂದಿದೀನಿ. ಬಾಣ ಬರೆದೋಳು ನನ್ನ ತಂಗಿ. ಅವಳು ಸರಿಯಾಗೇ ಬರೆದಿದಾಳೆ."

ಟೀಚರಮ್ಮ ತಲೆ ಎತ್ತಿದರು. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದು ದಿನಾ ಬೈಸಿಕೊಳ್ಳುವ ನಮ್ಮ ಅಣ್ಣ ಇವನೇನಾ?

ಜೂನ್ ೪

ಟೀಚರಮ್ಮ ಬೇಕರಿಗೇ ಹೋಗಿ ಓನರ್ ಹತ್ತಿರ ಮಾತಾಡಿದರಂತೆ. ತಾನೂ ಒಂದೇ ಕಡೆ ನೋಡಿ ರಿವರ್ಸ್ ತೆಗೆದೆ, ಎರಡೂ ಕಡೆ ನೋಡಬೇಕಿತ್ತು, ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದರಂತೆ. ನನ್ನದಲ್ಲ, ನಿನ್ನದು ಎಂದು ಕಿತ್ತಾಡುವವರನ್ನು ಈ ಪಾರ್ಕಿಂಗಿನಲ್ಲಿ ದಿನಾ ನೋಡುತ್ತೇನೆ. ನನಗೂ ಪಾಲು ಕೊಡಿ ಅನ್ನುವವರನ್ನು... ಅಮ್ಮ ನಂಬದೆ ಮತ್ತೆ ಮತ್ತೆ ಹೇಳಿಸಿಕೊಂಡಳು. ಓನರ್ ಯೋಚನೆ ಮಾಡಿ ಹೇಳುತ್ತಾರಂತೆ.

ಜೂನ್ ೯, ಬೆಳಿಗ್ಗೆ

ಬರೆಯಲು ಮನಸ್ಸೇ ಆಗಿರಲಿಲ್ಲ. ಈಗ ಓನರ್ ಫೋನ್ ಬಂತು. ಇನ್ನು ಕೆಲಸ ಇಲ್ಲ, ವ್ಯಾನಿನ ಕೀಲಿ ಕೊಟ್ಟು ಹೋಗು ಎಂದರಂತೆ. ಅಮ್ಮ ಒಲೆಯ ಮುಂದೆ ಹಾಗೇ ನಿಂತಿದ್ದಾಳೆ. ಅಣ್ಣ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾನೆ, ಕಾಲರಿಗೂ.

"ಕೀಲಿ ಕೊಡೋಕೆ ಇಸ್ತ್ರಿ ಯಾಕಣ್ಣಾ?"

"ಓಡಿ ಹೋಗ್ತಿಲ್ಲ ಕಣೇ. ಕೊಟ್ಟು ಬರ್ತಿದೀನಿ."

ನಾನೂ ಬರುತ್ತೇನೆ ಎಂದೆ. ದೊಡ್ಡವರ ಎದುರು ನಿಲ್ಲುವುದೆಂದರೆ ನನಗೆ ಜೀವ ಹೋದ ಹಾಗೆ. ಆದರೂ. ಅಣ್ಣ ಬಾಗಿಲಲ್ಲಿ ಬಗ್ಗಿ ನನ್ನ ಚಪ್ಪಲಿ ಜೋಡಿಸಿಡುತ್ತಿದ್ದಾನೆ. ಇವನ ಪಕ್ಕದಲ್ಲಿ ನಡೆದುಕೊಂಡು ಹೋಗಬೇಕು, ಎಲ್ಲರೂ ನೋಡುವ ಹಾಗೆ, ನಡುಬೀದಿಯಲ್ಲೇ — ಕರೆಯುತ್ತಿದ್ದಾನೆ, ಬಂದೆ.