ಎರಡನೇ ಕವರು ಬಿಸಾಡಬೇಡ

ಸೋಮವಾರ ಸಂಜೆ

ಎಲೆಲೇ, ನನ್ನ ಬೂಷ್ಟಮ್ಮಾ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಮೂರು ವರ್ಷದಿಂದ ಟೊಮೆಟೊ ಎಲೆಯ ಬೂಷ್ಟಿನ ಹಿಂದೆ ಬಿದ್ದವಳನ್ನು ಇನ್ನೇನಂತ ಕರೆಯಲಿ? ಸಿಟ್ಟು ಪೂರ್ತಿ ಖರ್ಚು ಮಾಡಬೇಡ, ಮುಂದಕ್ಕೆ ಬೇಕಾಗುತ್ತದೆ.

ಶನಿವಾರ ನೀನು ಫೋನಿನಲ್ಲಿ ಕುಣಿಯುತ್ತಿದ್ದೆ. "ತಾತಾ, ನೀವು ಹನ್ನೆರಡು ತೋಟದಿಂದ ಕಳಿಸಿದ ಎಲೆ ಇದಾವಲ್ಲ, ಹನ್ನೊಂದರಲ್ಲಿ ಬೂಷ್ಟಿನ ಡಿಎನ್‌ಎ ಗೆರೆಗಳು ಒಂದೇ ಥರ! ಊರಿಗೆಲ್ಲಾ ಒಂದೇ ತಳಿ ಹಬ್ಬಿದೆ. ಎರಡನೇ ಕವರಿಂದು ಮಾತ್ರ ಬೇರೆ. ಏನೋ ಕಲಬೆರಕೆ ಆಗಿರ್ಬೇಕು, ಬಿಟ್ಬಿಡು ಅಂದ್ರು ನಮ್ಮ ಗೈಡ್. ಶುಕ್ರವಾರ ಎಲ್ರ ಮುಂದೆ ಹೇಳ್ತಿದೀನಿ. ತೋಟದವರಿಗೆಲ್ಲಾ ಒಂದೇ ಔಷಧಿ ಸಾಕು ಅಂತ ಆಗುತ್ತೆ" ಅಂದೆ.

ನಾನು ಭೇಷ್ ಅಂದೆ. ಫೋನಿಟ್ಟು ಹಿತ್ತಲಿಗೆ ಹೋಗಿ ಟೊಮೆಟೊ ಸಾಲಿನ ಮುಂದೆ ಕೂತೆ.

ಪುಟ್ಟಾ, ಆ ಹನ್ನೊಂದೂ ನಮ್ಮ ಹಿತ್ತಲಿನವು. ಒಂದೇ ಸಾಲಿನ ಗಿಡಗಳು. ಒಂದೇ ತಾಯಿ ಮಕ್ಕಳನ್ನು ಹನ್ನೊಂದು ಕವರಿಗೆ ತುಂಬಿ, ನಮ್ಮದೂ ಸೇರಿ ಹನ್ನೊಂದು ಮನೆ ವಿಳಾಸ ಬರೆದೆ. ಎರಡನೆಯದು ಮಾತ್ರ ಪಕ್ಕದ ಬೀದಿಯ ಟೈಲರಮ್ಮನ ತೋಟದ್ದು, ನಾನೇ ಹೋಗಿ ಕಿತ್ತದ್ದು. ನಿಮ್ಮ ಗೈಡು ಕಲಬೆರಕೆ ಅಂದದ್ದೇ ಸಾಚಾ.

ಹಳೇ ಚಾಳಿ ಕಣೇ. ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವನು ನಾನು. ಕಚ್ಚುವ ನಾಯಿ ಇರುವ ಮನೆ ಬಂದರೆ ಗೇಟಿನ ಹೊರಗೇ ನಿಂತು ಅಂದಾಜಿಗೆ ಬರೆದುಬಿಡುತ್ತಿದ್ದೆವು. ಯಾವ ಬಲ್ಬೂ ದೂರು ಕೊಡಲಿಲ್ಲ. ಚುಕ್ಕೆ ಬಿದ್ದ ಎಲೆ ಎಲ್ಲಿಯದಾದರೂ ಒಂದೇ ಅಂದುಕೊಂಡೆ. ಒಂದೇನಾ, ಅಲ್ಲವಾ ಅಂತ ನೋಡುವುದೇ ನಿನ್ನ ಕೆಲಸ ಅನ್ನುವುದು ಈ ತಲೆಗೆ ಹೊಳೆಯಲಿಲ್ಲ. ಗೆರೆ ಎಣಿಸಿದವಳು ನೀನು, ಗೆರೆ ದಾಟಿದವನು ನಾನು.

ನಿಮ್ಮಜ್ಜಿಗೆ ಹೇಳಿದೆ. "ಜನ್ಮವಿಡೀ ನನ್ನ ಗೋಳು ಹುಯ್ಕೊಂಡಿದ್ದು ಸಾಲ್ದು ಅಂತ ಈಗ ಮಗೂನೂ ಬೇಕಿತ್ತಾ? ಏಳ್ರೀ, ಪೆನ್ನು ತಗೊಳ್ರೀ" ಅಂದಳು. ಫೋನ್ ಮಾಡ್ತೀನಿ ಅಂದೆ. "ಫೋನಲ್ಲಾದ್ರೆ ನಗಿಸಿ ಜಾರ್ಕೋತೀರ. ಬರೆದು ಸಹಿ ಹಾಕಿ, ಅವಳ ಗೈಡೂ ಓದ್ಲಿ!"

ಹಾಗಾಗಿ ಇದನ್ನು ಅವರಿಗೆ ತೋರಿಸು. ಶುಕ್ರವಾರ ಆ ಮಾತು ಆಡಬೇಡ. ಮೂರು ವರ್ಷದ ಕೆಲಸ ಇನ್ನಷ್ಟು ತಿಂಗಳು ಹಿಡಿಯಬಹುದು, ತಪ್ಪು ಮಾತ್ರ ನಿನ್ನದಲ್ಲ. ಇದರ ಜೊತೆ ಹತ್ತು ಹೊಸ ಕವರುಗಳಿವೆ. ಪ್ರತಿಯೊಂದರ ಮೇಲೂ ಆಯಾ ತೋಟದವರ ಸಹಿ ಇದೆ. ಈ ಸಲ ಅಂದಾಜಿಲ್ಲ.

ಬೈಯುವುದಿದ್ದರೆ ಜೋರಾಗಿ ಬೈ, ಎಡಗಿವಿ ಮಂದ.

ನಿನ್ನ ತಲೆಹರಟೆ
ತಾತ

ತಾ.ಕ.: ನಾಯಿ ಕಥೆ ನಿಜ, ಹಿತ್ತಲಿನದೇ ಕಳಿಸಲು ಕಾರಣ ಮಾತ್ರ ಅದಲ್ಲ. ಅದನ್ನೂ ಬರೆಯಬೇಕಂತೆ, ನಿಮ್ಮಜ್ಜಿ ಪಕ್ಕದಲ್ಲೇ ನಿಂತಿದ್ದಾಳೆ. ಎಲೆ ಕೀಳಲು ಹೋದ ದಿನ ಟೈಲರಮ್ಮನ ಮೆಟ್ಟಿಲ ಮೇಲೆ ಬಿದ್ದೆ. ಅಲ್ಲಿಂದೀಚೆ ಗೇಟು ದಾಟಿಲ್ಲ. ಈ ಹತ್ತು ಎಲೆ ನಿಮ್ಮಜ್ಜಿಯೇ ತಿರುಗಿ ತಂದದ್ದು. ಬಿದ್ದೆ ಅಂದಿದ್ದರೆ ಇನ್ನು ಯಾವ ಕೆಲಸವನ್ನೂ ನೀನು ನನಗೆ ಹೇಳುತ್ತಿರಲಿಲ್ಲ. ಕವರುಗಳಿಗೆ ಅಂಟು ಹಾಕಿ ನಂಬರು ಬರೆದವನು ಮಾತ್ರ ನಾನೇ. ನೋಡು, ಎಷ್ಟು ನೆಟ್ಟಗಿವೆ.